ತಿದ್ದದೆ ಬರೆದದ್ದು

ಹೃದಯಕ್ಕೆ ಏನೂ ಆಗಿಲ್ಲವೆಂದು ಡಾಕ್ಟರು ಹೇಳಿದ ಮೇಲೆ ಕಾಂಚನಳ ಹೆದರಿಕೆ ಇನ್ನೂ ಹೆಚ್ಚಾಯಿತು. ಏನಾದರೂ ಆಗಿದ್ದರೆ ಅದಕ್ಕೊಂದು ಹೆಸರಿರುತ್ತಿತ್ತು, ಗುಳಿಗೆಯಿರುತ್ತಿತ್ತು, ಹೆಡ್‌ಮಾಸ್ತರರ ಮುಂದಿಡಲು ಒಂದು ಕಾಗದವಿರುತ್ತಿತ್ತು. ಮಿರಜಿನ ಆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇಸಿಜಿಯ ಪಟ್ಟಿಯನ್ನು ಬಿಡಿಸಿ ನೋಡಿದಳು. ಗೆರೆಗಳು ಅಚ್ಚುಕಟ್ಟಾಗಿ ಏರಿ ಇಳಿದಿದ್ದವು, ಮೊದಲ ಬೆಂಚಿನ ಹುಡುಗಿಯ ಅಕ್ಷರದ ಹಾಗೆ. ಒಂದೂ ತಪ್ಪಿಲ್ಲ. ಹಾಗಾದರೆ ಜನವರಿಯಿಂದ ದಿನಾ ಏಳನೆಯ ತರಗತಿಯ ಬಾಗಿಲು ಹತ್ತಿರ ಬಂದ ಕೂಡಲೇ ಎದೆ ಹೀಗೆ ಹೊಡೆದುಕೊಳ್ಳುವುದೇಕೆ? ಹಾಜರಿ ಕೂಗುತ್ತ ಮೂವತ್ತನೆಯ ಹೆಸರು ಮುಗಿದ ಮೇಲೆ, ಮೂವತ್ತೊಂದರ ಮೇಲೆ ಎಳೆದ ಕೆಂಪು ಗೆರೆಯನ್ನು ದಾಟಿ ಮೂವತ್ತೆರಡಕ್ಕೆ ಹೋಗುವಷ್ಟರಲ್ಲಿ, ನಾಲಿಗೆ ಒಣಗಿ ಅಂಗುಳಕ್ಕೆ ಅಂಟುವುದೇಕೆ? ಇದನ್ನು ಡಾಕ್ಟರಿಗೆ ಹೇಳಿರಲಿಲ್ಲ. ಎದೆ ಬಡಿತ, ಬೆವರು, ನಿದ್ದೆ ಕಡಿಮೆ ಎಂದಷ್ಟೇ ಹೇಳಿದ್ದಳು. ಡಾಕ್ಟರು ಅವಳನ್ನು ಮೇಲಿನ ಮಹಡಿಯ ಆಪ್ತಸಮಾಲೋಚಕಿಯ ಬಳಿ ಕಳಿಸಿದರು.

ಆ ಹುಡುಗಿಯ ಹೆಸರು ಋತುಜಾ. ಹುಡುಗಿಯೇ, ಕಾಂಚನ ಇಪ್ಪತ್ತೆರಡು ವರ್ಷ ಮರಾಠಿ ಕಲಿಸಿದ ಮಕ್ಕಳಲ್ಲಿ ಒಬ್ಬಳಾಗಿದ್ದರೂ ಆಶ್ಚರ್ಯವಿರಲಿಲ್ಲ. ದಿನಾ ಬೆಳಿಗ್ಗೆ ಹದಿನೈದು ನಿಮಿಷ ಒಂದು ವಹಿಯಲ್ಲಿ ಬರೆಯಿರಿ ಎಂದಳು, ಮರಾಠಿಯಲ್ಲಿ, ಬಹಳ ಮೆತ್ತಗೆ. ಮನಸ್ಸಿಗೆ ಬಂದದ್ದನ್ನು ಬರೆಯಿರಿ, ಯಾರಿಗೂ ತೋರಿಸಬೇಡಿ, ನನಗೂ ಬೇಡ. ಬರೆದದ್ದನ್ನು ತಿದ್ದಬೇಡಿ, ಅದೊಂದೇ ನಿಯಮ. ಬರೀತಾ ಬರೀತಾ ನಿಮಗೇ ನಿಮ್ಮ ಗುರುತು ಸಿಗುತ್ತದೆ. ಕಾಂಚನ ವಿಧೇಯ ವಿದ್ಯಾರ್ಥಿನಿಯಂತೆ ತಲೆಯಾಡಿಸಿದಳು. ನಲವತ್ತೈದು ವರ್ಷವಾದ ಮೇಲೆ ಇನ್ನು ಯಾವ ಗುರುತು ಸಿಗಬೇಕಾಗಿದೆ ಎಂದು ಒಳಗೆ ಸಿಡುಕಿದಳು. ಹೊರಗೆ ಬಂದು ರಸ್ತೆ ದಾಟುವಾಗ ಮತ್ತೆ ಎದೆ ಬಡಿಯಿತು, ನಾಳೆ ಪರೀಕ್ಷೆಯಿದೆ ಅನ್ನುವ ಹಾಗೆ.

ಮೊದಲ ವಾರ ಬರೆದದ್ದೆಲ್ಲ ಚೆನ್ನಾಗಿಯೇ ಇತ್ತು. ಚೆನ್ನಾಗಿದೆ ಎಂಬುದೇ ಅವಳಿಗೆ ಅನುಮಾನ ತಂದಿತು. ಬದುಕು ಅಂದರೆ ಒಂದು ಪ್ರವಾಸ, ತಾಳ್ಮೆಯೇ ಶಿಕ್ಷಕಿಯ ಆಭರಣ, ಇಂಥ ವಾಕ್ಯಗಳು ಶಾಲೆಯ ಫಲಕದ ಮೇಲಿನ ಸುವಿಚಾರದ ಹಾಗೆ ಸಾಲಾಗಿ ಬಂದು ನಿಲ್ಲುತ್ತಿದ್ದವು. ಯಾರೋ ಭುಜದ ಮೇಲಿಂದ ಬಗ್ಗಿ ಓದುತ್ತಿದ್ದಾರೆ, ಓದಿ ಮೆಚ್ಚುತ್ತಿದ್ದಾರೆ ಎಂದು ಅನ್ನಿಸುತ್ತಿತ್ತು. ಎಂಟನೆಯ ದಿನ ವಹಿ ತೆರೆದಾಗ ಹಿಂದಿನ ಪುಟಗಳಲ್ಲಿ ಅಲ್ಲಲ್ಲಿ ಕೆಂಪು ಗುರುತು ಕಂಡಿತು. ಎರಡು ದೀರ್ಘ, ಒಂದು ಅನುಸ್ವಾರ ತಿದ್ದಿತ್ತು. ಒಂದು ಪದದ ಕೆಳಗೆ ಗೆರೆಯೆಳೆದಿತ್ತು. ತಿದ್ದಿದ್ದು ತಾನೇ. ಯಾವಾಗ ತಿದ್ದಿದೆ ಎಂಬುದು ಮಾತ್ರ ನೆನಪಿರಲಿಲ್ಲ. ಮಕ್ಕಳ ವಹಿಗಳ ಗಂಟಿನ ಜೊತೆ ಇದನ್ನೂ ಎತ್ತಿಕೊಂಡು ಕೈ ತನ್ನ ಪಾಡಿಗೆ ತಾನು ತಿದ್ದುತ್ತ ಹೋಗಿರಬೇಕು. ಕಾಂಚನಳಿಗೆ ತನ್ನ ಕೈಯ ಬಗ್ಗೆಯೇ ಭಯವಾಯಿತು.

ಅಡುಗೆಮನೆಯ ಮೂಲೆಯ ಸಣ್ಣ ಟೇಬಲಿನ ಮೇಲೆ ಬರೆಯುತ್ತ ಕೂತಿದ್ದಾಗ ಗಂಡ ಬಸವಪ್ರಸಾದ ಚಹಾದ ಕಪ್ಪು ಹಿಡಿದು ಬಂದು ನಿಂತ. ಅವಳು ವಹಿಯ ಮೇಲೆ ಅಂಗೈ ಇಟ್ಟಳು.

"ಏನ ಬರ್ಯಾಕತ್ತಿ ದಿನಾ? ನನ್ನ ಮ್ಯಾಲೆ ತಕ್ರಾರ ಏನ?"

"ಏನಿಲ್ರಿ. ಸಾಲೀದು."

"ಸಾಲೀದಾದ್ರ ಮುಚ್ಚತಿ ಯಾಕ?"

ಅವನು ನಗುತ್ತಲೇ ಕೇಳಿದ್ದ. ಉತ್ತರಕ್ಕೂ ಕಾಯದೆ ಅಂಗಡಿಯ ಬೀಗದ ಕೈ ಹುಡುಕುತ್ತ ಹೋದ. ಆದರೆ ಆ ನಗು ಕೋಣೆಯಲ್ಲೇ ಉಳಿಯಿತು. ಜನ ಎಷ್ಟು ಸುಲಭವಾಗಿ ನಗುತ್ತಾರೆ ಎಂದುಕೊಂಡಳು ಕಾಂಚನ. ಹಾಗೆ ಅಂದುಕೊಂಡದ್ದೇ ತಡ, ಆಗಸ್ಟಿನ ಆ ಮಧ್ಯಾಹ್ನ, ಏಳನೆಯ ತರಗತಿ, ಹೊರಗೆ ಜಿನುಗು ಮಳೆ, ಒದ್ದೆ ಯುನಿಫಾರ್ಮುಗಳ ವಾಸನೆ ಎಲ್ಲ ಒಟ್ಟಿಗೆ ಬಂದವು. ಫಲಕದ ಮೇಲೆ ಅವಳೇ ಬರೆದ ನಿಬಂಧದ ಹೆಸರು: ಮಾಝೀ ಆಯಿ, ನನ್ನ ತಾಯಿ. ಒಬ್ಬೊಬ್ಬರೇ ಎದ್ದು ಓದುತ್ತಿದ್ದರು. ಮೂವತ್ತೊಂದನೆಯವಳು ಮಾಯಕ್ಕಾ, ಅಥಣಿ ಕಡೆಯಿಂದ ಮಾಧವನಗರದ ಮಗ್ಗಗಳಿಗೆ ದುಡಿಯಲು ಬಂದ ಲಗಮಣ್ಣನ ಮಗಳು; ತರಗತಿಯಲ್ಲಿ ಬಾಯಿ ಬಿಡದ ಹುಡುಗಿ. ಆ ದಿನ ಯಾಕೋ ತಾನಾಗಿಯೇ ಕೈ ಎತ್ತಿದ್ದಳು. ಎದ್ದು ನಿಂತು, ವಹಿಯನ್ನು ಮುಖಕ್ಕೆ ಹತ್ತಿರ ಹಿಡಿದು, ದೊಡ್ಡ ದನಿಯಲ್ಲಿ ಓದಿದಳು: "ಮಾಝಾ ಆಯಿ..."

ಅಷ್ಟೇ. ಮರಾಠಿಯಲ್ಲಿ ಗಂಡಸಿಗೆ ಮಾಝಾ, ಹೆಂಗಸಿಗೆ ಮಾಝೀ. ಕನ್ನಡ ಮನೆಯ ಮಕ್ಕಳು ಮುಗ್ಗರಿಸುವುದು ಇಲ್ಲಿಯೇ. ತಾನೂ ಕನ್ನಡ ಮನೆಯವಳೇ ಆದ ಕಾಂಚನಳಿಗಿಂತ ಚೆನ್ನಾಗಿ ಇದು ಆ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆದರೂ ಅವಳು ಹುಬ್ಬೇರಿಸಿ, ತಡೆದು, ಸರಿಯಾಗಿ ಸಮಯ ನೋಡಿ ಕೇಳಿದಳು, ಮರಾಠಿಯಲ್ಲಿ: "ಯಾಕಮ್ಮ, ನಿನ್ನ ಆಯಿಗೆ ಮೀಸೆ ಇದೆಯೇನು?" ಕೇಳಿ, ತರಗತಿಗಿಂತ ಮೊದಲು ತಾನೇ ನಕ್ಕಳು. ಐವತ್ತೆರಡು ಮಕ್ಕಳು ಬೆಂಚು ಬಡಿದು ನಕ್ಕರು. ಮಾಯಕ್ಕಾ ಅಳಲಿಲ್ಲ. ಎಲ್ಲರ ಮುಖವನ್ನೂ ಒಮ್ಮೆ ನೋಡಿ, ತನ್ನ ವಹಿಯನ್ನು ನೋಡಿ, ತಪ್ಪು ಎಲ್ಲಿದೆ ಎಂದು ಹುಡುಕುತ್ತ ನಿಂತಳು. ಕೂತುಕೋ ಎಂದು ಹೇಳುವವರೆಗೂ ಹುಡುಕುತ್ತಲೇ ಇದ್ದಳು. ಸ್ಟಾಫ್‌ರೂಮಿನಲ್ಲಿ ಕಾಂಚನ ಆ ಮಾತನ್ನು ಮತ್ತೊಮ್ಮೆ ಹೇಳಿದಳು. ಗಣಿತದ ದಿಲೀಪ ಸರ್ ಚಹಾ ನೆತ್ತಿಗೇರುವಷ್ಟು ನಕ್ಕು, ಮ್ಯಾಡಮ್, ನಿಮ್ಮ ಮಾತಿನಲ್ಲಿ ಮಾತ್ರ ಕನ್ನಡದ ವಾಸನೆ ಒಂಚೂರೂ ಇಲ್ಲ ನೋಡಿ ಎಂದರು. ಅವಳಿಗೆ ಸುಖವಾಯಿತು. ಮರುದಿನದಿಂದ ಹುಡುಗರು ಮಾಯಕ್ಕಾಳನ್ನು ಮೀಸೆ ಎಂದು ಕರೆಯತೊಡಗಿದರು. ದೀಪಾವಳಿ ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ತಂದೆ ಬಂದು ದಾಖಲೆ ಒಯ್ದನೆಂದು ಗುಮಾಸ್ತ ನಾಗನಾಥ ಹೇಳಿದ. ಕಾಂಚನ ಸಹಿ ಹಾಕಿ, ಹಾಜರಿ ಪುಸ್ತಕದಲ್ಲಿ ಗೆರೆಯೆಳೆದಳು.

ಇದನ್ನು ವಹಿಯಲ್ಲಿ ಬರೆಯಲು ಅವಳಿಗೆ ಮೂರು ವಾರ ಬೇಕಾಯಿತು. ಮೊದಲು ಬರೆದಳು: ಒಬ್ಬ ವಿದ್ಯಾರ್ಥಿನಿ ಶಾಲೆ ಬಿಟ್ಟಳು, ಬೇಸರವಾಯಿತು. ಮರುದಿನ: ತರಗತಿಯಲ್ಲಿ ಆಕೆಯನ್ನು ತಮಾಷೆ ಮಾಡಲಾಯಿತು. ಯಾರು ಮಾಡಿದರು? ಕರ್ತೃ ಎಲ್ಲಿ ಎಂದು ಮಕ್ಕಳನ್ನು ಗದರಿಸುವ ತಾನೇ ಕರ್ತೃವನ್ನು ನುಂಗಿದ್ದಳು. ಮತ್ತೊಂದು ದಿನ: ಮಕ್ಕಳು ನಕ್ಕರು. ಇನ್ನೂ ಎರಡು ದಿನ ಬಿಟ್ಟು: ಮಕ್ಕಳ ಜೊತೆ ನನಗೂ ನಗು ಬಂತು. ಪೆನ್ನು ಅಲ್ಲಿಗೇ ನಿಂತಿತು. ನಗು ಬಂತಂತೆ, ಕೆಮ್ಮು ಬಂದ ಹಾಗೆ. ಅದೇ ಪುಟದಲ್ಲಿ, ತನ್ನನ್ನು ತಾನು ಸಮರ್ಥಿಸಿಕೊಳ್ಳಲು, ತಾನೂ ಚಿಕ್ಕವಳಿದ್ದಾಗ ಇದನ್ನೇ ಅನುಭವಿಸಿದವಳು ಎಂದು ಬರೆಯತೊಡಗಿದಳು. ಈ ಕಥೆಯನ್ನು ಅವಳು ಗಂಡನಿಗೆ ಹೇಳಿದ್ದಳು, ಮಗನಿಗೆ ಹೇಳಿದ್ದಳು, ಒಂದು ಶಿಕ್ಷಕರ ಶಿಬಿರದಲ್ಲಿ ಕಣ್ಣು ಒದ್ದೆ ಮಾಡಿಕೊಂಡೂ ಹೇಳಿದ್ದಳು. ಮಿರಜ ಪೇಟೆಯಲ್ಲಿ ಬೆಲ್ಲದ ವ್ಯಾಪಾರ ಮಾಡುತ್ತಿದ್ದ ಅವಳ ಅಪ್ಪ ಗುರುಸಿದ್ಧಪ್ಪ ಒಂದು ದಿನ, ಅವಳು ಮರೆತು ಬಂದ ಊಟದ ಡಬ್ಬಿ ಹಿಡಿದು ಶಾಲೆಗೆ ಬಂದಿದ್ದ. ಧೋತರದ ತುದಿ ಕೈಯಲ್ಲಿ ಹಿಡಿದು, ಬಾಗಿಲಲ್ಲಿ ನಿಂತು, ಬಾಯಿಗೆ ಬಂದ ಮರಾಠಿಯಲ್ಲಿ ತರಗತಿಯ ಶಿಕ್ಷಕಿ ಬಾಯಿಯವರಿಗೆ ಹೇಳಿದ್ದ: "ಮಾಝಾ ಮುಲಗೀ ಡಬಾ ವಿಸರಲಾ." ನನ್ನ ಮಗಳು ಡಬ್ಬಿ ಮರೆತಳು ಎನ್ನಲು ಹೋಗಿ ಮಗಳನ್ನು ಗಂಡಸು ಮಾಡಿದ್ದ. ಹುಡುಗಿಯರೆಲ್ಲ ನಕ್ಕರು. ನಾನು ಅತ್ತೆ. ಕಥೆ ಯಾವಾಗಲೂ ಹೀಗೆಯೇ ಮುಗಿಯುತ್ತಿತ್ತು, ನಾನು ಅತ್ತೆ. ಈಗಲೂ ಹಾಗೆಯೇ ಬರೆದಳು, ಮರಾಠಿಯಲ್ಲಿ, ದೀರ್ಘ ಹ್ರಸ್ವ ಎಲ್ಲ ಸರಿಯಾಗಿ. ಬರೆದು ನೋಡಿದಳು. ಬಾಗಿಲಲ್ಲಿ ನಿಂತ ಅಪ್ಪನ ಮುಖ ಕಂಡಿತು. ಅವನು ನಗುತ್ತಿದ್ದ. ಯಾಕೆ ನಗುತ್ತಿದ್ದ? ಅಳುವ ಮಗಳನ್ನು ನೋಡಿ ಯಾವ ಅಪ್ಪ ನಗುತ್ತಾನೆ? ಅವನು ಅವಳನ್ನು ನೋಡಿಯೇ ನಗುತ್ತಿದ್ದ. ಮಗಳು ನಗುತ್ತಿದ್ದಾಳೆ, ಎಲ್ಲರೂ ಖುಷಿಯಾಗಿದ್ದಾರೆ, ಒಳ್ಳೆಯ ವೇಳೆಗೆ ಬಂದೆ ಎಂದು ನಗುತ್ತಿದ್ದ. ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಎಲ್ಲರಿಗೂ ಕೈ ಮುಗಿದು, ನಗುತ್ತಲೇ ಹೋದ.

ಪೆನ್ನು ಆಗ ಎರಡು ಪದ ಬರೆಯಿತು, ಮರಾಠಿಯ ಅಕ್ಷರಗಳಲ್ಲಿ, ಆದರೆ ಮರಾಠಿಯಲ್ಲ: ನಾನೂ ನಕ್ಕೆ. ಅದನ್ನು ನೋಡಿದರೆ ಬೇರೆ ಯಾರೋ ಬಂದು ಬರೆದು ಹೋದಂತಿತ್ತು. ಕನ್ನಡದಲ್ಲಿ ಅವಳು ಒಂದಕ್ಷರವನ್ನೂ ಬರೆದವಳಲ್ಲ. ಅಪ್ಪ ಸತ್ತು ಹನ್ನೊಂದು ವರ್ಷವಾಗಿತ್ತು. ಮೂವತ್ತಮೂರು ವರ್ಷ ತಾನು ಅತ್ತದ್ದಾಗಿ ಎಲ್ಲರಿಗೂ ಹೇಳಿ, ಎಲ್ಲರ ಕರುಣೆ ಪಡೆದು, ಕೊನೆಗೆ ತಾನೂ ನಂಬಿದ್ದಳಲ್ಲ. ಕುಕ್ಕರು ನಾಲ್ಕು ಸಲ ಕೂಗಿತು, ಐದು ಸಲ ಕೂಗಿತು. ಬಸವಪ್ರಸಾದ ಬಚ್ಚಲಿನಿಂದಲೇ "ಕಾಂಚನಾ, ಅನ್ನ ಕರಕ ಹತ್ತೀತು" ಎಂದು ಒದರಿದ. ಇದು ಗುರುತು ಸಿಗುವುದೇ ಆದರೆ ಸಿಗದಿದ್ದರೇ ಚೆನ್ನಾಗಿತ್ತು ಎನ್ನಿಸಿತು. ಮುಂದಿನ ಭೇಟಿಯಲ್ಲಿ ಋತುಜಾಳಿಗೆ ಹೀಗೆಂದೇ ಹೇಳಿದಳು. ಋತುಜಾ, ವಹಿಯಲ್ಲಿ ಬರೆದರೆ ವಹಿಗೆ ಗೊತ್ತಾಗುತ್ತದೆ, ಬೇರೆ ಯಾರಿಗಾದರೂ ಗೊತ್ತಾಗಬೇಕಿದೆಯೇ ನೋಡಿ ಎಂದಳು.

ಮಾರ್ಚಿನ ಆ ಶನಿವಾರ ಶಾಲೆ ಹನ್ನೊಂದಕ್ಕೆ ಬಿಟ್ಟಿತು. ಮಾಯಕ್ಕಾಳ ಮನೆಯ ವಿಳಾಸಕ್ಕಾಗಿ ನಾಗನಾಥನ ಬಳಿ ಹೋದಾಗ, ಯಾವುದೋ ಶಿಷ್ಯವೇತನದ ಫಾರ್ಮು ಬಂದಿದೆ ಎಂದು ಸುಳ್ಳು ಹೇಳಿದಳು. ಅವನು ಏನೂ ಕೇಳಿರಲಿಲ್ಲ, ಕೇಳದೆಯೇ ಹೇಳಿದಳು. ಸಾಂಗ್ಲಿಯ ಪೇಟೆಯಲ್ಲಿ ಒಂದು ಡಜನ್ ಬಾಳೆಹಣ್ಣು ಕೊಂಡು, ಮಾಧವನಗರದ ಷೇರ್ ರಿಕ್ಷಾದಲ್ಲಿ ಇಬ್ಬರು ಹೆಂಗಸರ ನಡುವೆ ಒತ್ತಿ ಕೂತಳು. ಏನು ಹೇಳಬೇಕು? ತಪ್ಪಾಯಿತು ಎನ್ನಬೇಕೇ, ತಪ್ಪು ಮಾಡಿದೆ ಎನ್ನಬೇಕೇ? ಹುಡುಗಿ ಅತ್ತರೆ ತಲೆ ಸವರಬೇಕೇ? ನಾಳೆ ಬೆಳಿಗ್ಗೆ ವಹಿಯಲ್ಲಿ ಹೇಗೆ ಬರೆಯುವುದೆಂದು ಮನಸ್ಸು ಆಗಲೇ ವಾಕ್ಯ ಹೊಸೆಯುತ್ತಿತ್ತು: ಆಕೆ ನನ್ನನ್ನು ಅಪ್ಪಿಕೊಂಡಳು. ಕಾಂಚನ ನಾಚಿ ಕಣ್ಣು ಮುಚ್ಚಿಕೊಂಡಳು. ಪಕ್ಕದ ಹೆಂಗಸು, ಆರಾಮಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದಳು. ಏನಿಲ್ಲ, ಬಿಸಿಲು ಎಂದಳು.

ಪವರ್‌ಲೂಮುಗಳ ಹಿಂದಿನ ಚಾಳಿನ ಸಾಲುಮನೆಗಳಲ್ಲಿ ನಾಲ್ಕನೆಯ ಖೋಲಿ ಅವರದು. ಮಗ್ಗಗಳ ಸದ್ದು ಗೋಡೆಯಿಂದ ಹಾಯ್ದು ಬಂದು ನೆಲವನ್ನು ಅದುರಿಸುತ್ತಿತ್ತು. ಬಾಗಿಲ ಬಳಿ ಕೂತು ನೂಲಿನ ಉಂಡೆಗಳನ್ನು ಬಿಡಿಸುತ್ತಿದ್ದ ತೆಳ್ಳನೆಯ ಹೆಂಗಸು ತಲೆಯೆತ್ತಿ ಗಾಬರಿಯಿಂದ ಸೆರಗು ಸರಿಮಾಡಿಕೊಂಡಳು. ಮಾಯಕ್ಕಾಳ ತಾಯಿ ಬಾಳವ್ವ. ಕಾಂಚನ ಅವಳನ್ನು ಎಂದೂ ನೋಡಿರಲಿಲ್ಲ. ನೋಡಿದ ಕೂಡಲೇ ಕಣ್ಣು ತಾನಾಗಿಯೇ ಅವಳ ಮೇಲ್ತುಟಿಯ ಕಡೆಗೆ ಹೋಯಿತು. ಹೋದದ್ದು ತಿಳಿದು ಕಾಂಚನಳ ಮೈಯೆಲ್ಲ ಕಾದಂತಾಯಿತು.

"ನಾ ಮಾಯಕ್ಕಾನ ಹಿಂದಿನ ಸಾಲಿ ಬಾಯಿಯವರ್ರಿ," ಎಂದಳು. ಮನೆಯ ಹೊರಗೆ ಇಷ್ಟು ಕನ್ನಡ ಆಡಿ ಎಷ್ಟು ವರ್ಷವಾಗಿತ್ತೋ.

ಬಾಳವ್ವನ ಮುಖ ಅರಳಿತು. "ಅಯ್ಯ ಶಿವನ, ನಮ್ಮ ಮಾತ ಬರತೈತ್ರಿ ನಿಮಗ? ಬರ್ರಿ, ಒಳಗ ಬರ್ರಿ, ಕುಂದ್ರಿ. ಅಕಿ ಅದಾಳ, ಬರ್ಯಾಕತ್ಯಾಳ."

ಹುಡುಗಿ ಒಳಗೆ ನೆಲದ ಮೇಲೆ ಬೋರಲು ಬಿದ್ದು ಬರೆಯುತ್ತಿದ್ದಳು. ಎದ್ದು ನಿಂತಳು. ನಾಲ್ಕೈದು ತಿಂಗಳಲ್ಲಿ ಎತ್ತರ ಬೆಳೆದಿದ್ದಳು. ಎರಡು ಜಡೆಯ ಬದಲು ಒಂದು ಜಡೆ. ಹೆದರಿದಂತೆ ಕಾಣಲಿಲ್ಲ. "ಬಸಾ ನಾ, ಮ್ಯಾಡಮ್," ಕೂತುಕೊಳ್ಳಿ ಎಂದು ಚಾಪೆ ಹಾಸಿದಳು.

"ಮಾಯಕ್ಕಾ, ನಿನಗ ಒಂದ ಮಾತ ಹೇಳಾಕ ಬಂದೇನಿ," ಎಂದಳು ಕಾಂಚನ.

ಹುಡುಗಿ ಅವಳನ್ನೇ ನೋಡಿ ಮರಾಠಿಯಲ್ಲಿ ಹೇಳಿದಳು, ನನಗೆ ಕನ್ನಡ ಬರುವುದಿಲ್ಲ, ಮ್ಯಾಡಮ್. ಆಮೇಲೆ, "ಆಣಿ ಮಾಝಂ ನಾವ ಮಾಯಾ ಆಹೇ." ನನ್ನ ಹೆಸರು ಮಾಯಾ. ಮಾಝಂ. ಮರಾಠಿಯಲ್ಲಿ ನಾವ ಎಂಬ ಪದ ಗಂಡೂ ಅಲ್ಲ ಹೆಣ್ಣೂ ಅಲ್ಲ, ನಪುಂಸಕ. ಎಷ್ಟು ಸರಿಯಾಗಿ ಹೇಳಿದಳು. ಕಾಂಚನಳೊಳಗಿನ ಶಿಕ್ಷಕಿಗೆ ಒಂದು ಕ್ಷಣ, ಒಂದೇ ಕ್ಷಣ, ತೃಪ್ತಿಯಾಯಿತು. ಅದರ ಬೆನ್ನಿಗೇ ಆ ತೃಪ್ತಿಯೇ ಅಸಹ್ಯವೆನ್ನಿಸಿತು. ಮುಂದಿನದನ್ನು ಮರಾಠಿಯಲ್ಲೇ ಹೇಳಿದಳು. ಆ ದಿನ ತರಗತಿಯಲ್ಲಿ ನಾನು ನಕ್ಕದ್ದು ತಪ್ಪು. ಬೇರೆಯವರು ನಗಲೆಂದೇ ನಕ್ಕೆ. ಹುಡುಗಿ ತಲೆ ಸ್ವಲ್ಪ ಓರೆ ಮಾಡಿ, ಪಾಠ ಕೇಳುವ ಹಾಗೆ ಕೇಳಿದಳು. ಮುಗಿದ ಮೇಲೆ, ನನಗೆ ನೆನಪಿಲ್ಲ ಮ್ಯಾಡಮ್ ಎಂದಳು. ಹೊಸ ಶಾಲೆಯಲ್ಲಿ ಮರಾಠಿಯಲ್ಲಿ ನನಗೇ ಎರಡನೆಯ ನಂಬರು ಎಂದಳು. ಬಾಳವ್ವ ಹಿಂದೆ ನಿಂತು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದಳು, ನೀರಿನ ತಂಬಿಗೆ ಕೈಯಲ್ಲಿ ಹಾಗೆಯೇ.

"ಏನಂತಾರವ್ವ ಬಾಯಿಯವ್ರು?" ಎಂದು ಮಗಳನ್ನು ಕೇಳಿದಳು.

"ಕಾಹೀ ನಾಹೀ," ಎಂದಳು ಮಗಳು. ಏನಿಲ್ಲ. ತಾಯಿಯ ಕಡೆ ತಿರುಗದೆಯೇ ಹೇಳಿದಳು. ಚಪ್ಪಲಿ ಮೆಟ್ಟಿಕೊಂಡು, ಕ್ಲಾಸಿಗೆ ಹೊತ್ತಾಯಿತು, ಬರುತ್ತೇನೆ ಮ್ಯಾಡಮ್ ಎಂದು ಚೀಲ ಹೆಗಲಿಗೇರಿಸಿ ಹೋದಳು. ಬಾಳೆಹಣ್ಣನ್ನು ಯಾರೂ ತೆಗೆದುಕೊಂಡಿರಲಿಲ್ಲ. ಕಾಂಚನ ಅದನ್ನು ಗೋಡೆಗೆ ಒರಗಿಸಿಟ್ಟು ಎದ್ದಳು. ಹೇಳಬೇಕಾದದ್ದನ್ನು ಹೇಳಿಯಾಗಿತ್ತು. ಹಾಗಿದ್ದೂ ಎದೆಯ ಬಡಿತ ಕಡಿಮೆಯಾಗಲಿಲ್ಲ. ಮಗ್ಗಗಳ ಸದ್ದಿನಲ್ಲಿ ಯಾವುದು ಒಳಗಿನದು ಯಾವುದು ಹೊರಗಿನದು ಎಂದು ತಿಳಿಯಲಿಲ್ಲ.

ಬಾಳವ್ವ ರಿಕ್ಷಾ ನಿಲ್ಲುವ ಮೂಲೆಯವರೆಗೂ ಕಳಿಸಲು ಬಂದಳು. ಬೇಡವೆಂದರೂ ಕೇಳಲಿಲ್ಲ.

"ಬಾಳ ಶ್ಯಾಣೆ ಆಗ್ಯಾಳ್ರಿ ಈಗ," ಎಂದಳು. "ಖರೆ ನನ್ನ ಕೂಡ ಮಾತಾಡೂದ ಬಿಟ್ಟಾಳ. ನಾ ಕನ್ನಡದಾಗ ಕೇಳಿದ್ರ ಅಕಿ ಮರಾಠ್ಯಾಗ ಹೇಳ್ತಾಳ. ನನಗ ತಿಳ್ಯಂಗಿಲ್ಲ. ಅವರಪ್ಪ ಕೆಲಸದಿಂದ ಬರೂತನಕಾ ಇಬ್ರೂ ಮೂಕರಂಗ ಕುಂತಿರ್ತೀವ್ರಿ. ನೀವರೆ ಬಂದ್ರಲ್ಲ, ಒಂದೀಟ ಬಾಯಿ ತುಂಬ ಮಾತಾಡಿದಂಗ ಆತು. ಆಗಾಗ ಬರ್ತಿರ್ರಿ ಬಾಯಿಯವ್ರ."

ಹೇಳದೆಯೂ ಹೋಗಬಹುದಿತ್ತು. ಹುಡುಗಿಗೆ ನೆನಪಿಲ್ಲ, ತಾಯಿಗೆ ಗೊತ್ತಿಲ್ಲ, ವಹಿಗೆ ಮಾತ್ರ ಗೊತ್ತು. ಬಾಳವ್ವ ಅವಳ ಮೊಳಕೈ ಹಿಡಿದು ರಸ್ತೆಯ ಬದಿಗೆ ಸರಿಸಿದಳು. ಹಿಂದಿನಿಂದ ಲಾರಿ ಬರುತ್ತಿತ್ತು. ಆ ಕೈಯಲ್ಲಿ ನೂಲಿನ ಎಳೆಗಳು ಅಂಟಿದ್ದವು.

"ಬಾಳವ್ವಾರ," ಎಂದಳು ಕಾಂಚನ, "ಅಕಿ ನಮ್ಮ ಸಾಲಿ ಬಿಟ್ಟದ್ದು ನನ್ನ ಸಲುವಾಗಿರಿ. ಅಕಿ ನಿಮ್ಮ ಮ್ಯಾಲೆ ನಿಬಂಧ ಬರದಿದ್ದಳು. ಓದಾಕ ನಿಂತಾಗ ನಾ ನಕ್ಕೆ. ನಾ ನಕ್ಕೆ ಅಂತ ಎಲ್ಲಾರೂ ನಕ್ರು."

ಬಾಳವ್ವ ಕೈ ಬಿಡಲಿಲ್ಲ. "ನನ್ನ ಮ್ಯಾಲ? ಏನ ಬರದಿದ್ದಳ್ರಿ?"

"ಪೂರಾ ಓದಾಕ ಬಿಡಲಿಲ್ರಿ. ಮೊದಲನೇ ಮಾತಿಗೇ ನಕ್ಕೆ. ಮಾಝೀ ಆಯಿ ಅನ್ನಬೇಕಾಗಿತ್ತು, ಅಕಿ ಮಾಝಾ ಆಯಿ ಅಂದ್ಲು. ನಿಮ್ಮವ್ವಗ ಮೀಸಿ ಅದಾವೇನು ಅಂತ ಕೇಳಿದೆ."

ಬಾಳವ್ವನಿಗೆ ತಿಳಿಯಲಿಲ್ಲ. ಹಣೆ ಗಂಟಿಕ್ಕಿ ಆ ಎರಡು ಪದಗಳನ್ನು ತುಟಿಯಲ್ಲೇ ಆಡಿಸಿ ನೋಡಿದಳು, ಮಾಝಾ, ಮಾಝೀ. "ಅಂದ್ರ ಏನ್ರಿ ಅದು?"

ಕಾಂಚನ ಬಿಡಿಸಿ ಹೇಳಲು ಹೊರಟಳು. ಇಪ್ಪತ್ತೆರಡು ವರ್ಷ ಸಾವಿರ ಸಲ ಹೇಳಿದ ಪಾಠ. ಆದರೆ ಕನ್ನಡದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ನನ್ನ ಅಪ್ಪ ಅಂದರೂ ನನ್ನ, ನನ್ನ ಅವ್ವ ಅಂದರೂ ನನ್ನ. "ಅದೂ ನನ್ನ ಅಂತನ ಆಗತೈತ್ರಿ, ಇದೂ ನನ್ನ ಅಂತನ..." ಎಂದಳು.

ಬಾಳವ್ವ ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಂಡಳು. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಅರ್ಥವಾಗದ್ದನ್ನು ಅರ್ಥ ಮಾಡಿಕೊಳ್ಳಬೇಕೆಂಬ ಹಟವಿತ್ತು.

"ಅಕಿ ನನ್ನ ಅವ್ವ ಅಂದ್ಲು. ಅಷ್ಟ ಹೌದಲ್ರಿ? ಅದರಾಗ ನಗೂದೇನೈತ್ರಿ?"

ರಿಕ್ಷಾ ಬಂದು ನಿಂತಿತು. ಸಾಂಗ್ಲಿ, ಸಾಂಗ್ಲಿ ಎಂದು ಕೂಗಿ ಚಾಲಕ ಕಾಂಚನಳ ಮುಖ ನೋಡಿದ. ಅವಳು ಕೈಯಾಡಿಸಿ ಮುಂದೆ ಹೋಗೆಂದಳು. ಅದು ಹೊಗೆ ಬಿಟ್ಟು ಹೋಯಿತು.

"ಏನೂ ಇಲ್ರಿ," ಎಂದಳು. "ನಗೂ ಅಂಥಾದ್ದು ಏನೂ ಇರಲಿಲ್ರಿ."

ಬಾಳವ್ವ ತಲೆಯಾಡಿಸಲಿಲ್ಲ. ಮನೆಯ ಕಡೆಗೂ ತಿರುಗಲಿಲ್ಲ. ಬಿಸಿಲಿಗೆ ಸೆರಗನ್ನು ಹಣೆಯ ಮೇಲೆ ಎಳೆದುಕೊಂಡು, ಅದು ಉತ್ತರವೇ ಅಲ್ಲವೆಂಬಂತೆ ಅವಳ ಬಾಯಿಯನ್ನೇ ನೋಡುತ್ತ ನಿಂತಿದ್ದಳು.